ಸಂತೆಯ ಪದಾರ್ಥಗಳಿಂದ ಕೈತೋಟ

ಸಂತೆಯ ಪದಾರ್ಥಗಳಿಂದ ಕೈತೋಟ ಎಂಬುದು ಅಡುಗೆಗೆಂದು ಸಂತೆ ಅಥವಾ ಅಂಗಡಿಯಿಂದ ತಂದ ಗಡ್ಡೆ, ಕಾಳು, ಮಸಾಲೆ ಪದಾರ್ಥ, ಸೊಪ್ಪು ಮತ್ತು ಹಣ್ಣುಗಳನ್ನೇ ಬೀಜವಾಗಿ ಬಳಸಿ ಮನೆಯ ಹಿತ್ತಲಿನಲ್ಲಿ ಅಥವಾ ಕುಂಡಗಳಲ್ಲಿ ಸಸ್ಯಗಳನ್ನು ಬೆಳೆಸುವ ಪದ್ಧತಿಯಾಗಿದೆ. ಇದಕ್ಕೆ ಪ್ರತ್ಯೇಕವಾಗಿ ಬೀಜ ಕೊಳ್ಳುವ ಅಗತ್ಯವಿಲ್ಲ. ಆದರೆ ತಿನ್ನುವುದಕ್ಕಾಗಿ ಮಾರುವ ಪದಾರ್ಥವನ್ನು ಯಾರೂ ಬೀಜವೆಂದು ಆಯ್ದಿರುವುದಿಲ್ಲ. ಆದ್ದರಿಂದ ತಂದ ವಸ್ತುವಿನಲ್ಲಿ ಜೀವವಿದೆಯೇ, ಅದು ಬಲಿತಿದೆಯೇ, ಅದರಿಂದ ಹುಟ್ಟುವ ಗಿಡ ತಾಯಿಯಂತೆಯೇ ಇರುತ್ತದೆಯೇ ಎಂಬ ಮೂರು ಸಂಗತಿಗಳ ಮೇಲೆ ಇದರ ಯಶಸ್ಸು ನಿಂತಿದೆ. ಈ ಲೇಖನವು ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಹವಾಮಾನ ಹಾಗೂ ಬೆಳೆಗಳ ಹಿನ್ನೆಲೆಯಲ್ಲಿ ಈ ಪದ್ಧತಿಯನ್ನು ವಿವರಿಸುತ್ತದೆ.

## ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಪ್ರತ್ಯೇಕಗೊಂಡಿತು. ಈ ಭಾಗದ ಹಳ್ಳಿಯ ಮನೆಗಳಲ್ಲಿ ಹಿತ್ತಲು ಅಡುಗೆಮನೆಯ ಮುಂದುವರಿಕೆಯಂತಿತ್ತು. ಬಚ್ಚಲಿನ ನೀರು ಹರಿಯುವಲ್ಲಿ ಬಾಳೆ ಮತ್ತು ತೆಂಗು, ಬೇಲಿಯ ಮೇಲೆ ಹೀರೆ, ಅವರೆ ಮತ್ತು ಸೋರೆಯ ಬಳ್ಳಿಗಳು, ಮೂಲೆಯಲ್ಲಿ ನುಗ್ಗೆ ಮತ್ತು ಕರಿಬೇವು, ಮಡಿಗಳಲ್ಲಿ ಮೆಂತ್ಯ, ಕೊತ್ತಂಬರಿ, ರಾಜಗಿರಿ ಮತ್ತು ಪುಂಡಿಪಲ್ಲೆ ಬೆಳೆಯುತ್ತಿದ್ದವು. ಬೀಜಕ್ಕೆಂದು ಬಿಟ್ಟ ಹೀರೆಕಾಯಿಯನ್ನು ಮತ್ತು ಗೋವಿನಜೋಳದ ತೆನೆಯನ್ನು ಒಲೆಯ ಹೊಗೆ ತಾಗುವಂತೆ ಜಂತಿಗೆ ಕಟ್ಟುವುದು, ಕಾಳುಗಳಿಗೆ ಬೂದಿ ಬೆರೆಸಿ ಮಡಕೆಯಲ್ಲಿಡುವುದು, ಬೇವಿನ ಎಲೆ ಹಾಕುವುದು ಇವೆಲ್ಲ ಹುಳು ಬೀಳದಂತೆ ಬೀಜ ಕಾಯುವ ಕ್ರಮಗಳಾಗಿದ್ದವು. ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡಿ ಮಣ್ಣಿನಲ್ಲಿ ಬಗೆಬಗೆಯ ಧಾನ್ಯಗಳನ್ನು ಮೊಳೆಯಿಸುವ ಆಚರಣೆಯು ಹಿಂಗಾರಿನ ಬಿತ್ತನೆಗೆ ಮುಂಚೆ ಬೀಜದ ಮೊಳಕೆಯನ್ನು ಕಣ್ಣಾರೆ ಕಾಣುವ ಅವಕಾಶವೂ ಆಗಿದೆ.

ಆಗ ಅಡುಗೆಯ ಕಾಳು ಮತ್ತು ಬಿತ್ತನೆಯ ಕಾಳು ಒಂದೇ ಹೊಲದಿಂದ ಬರುತ್ತಿದ್ದುದರಿಂದ ಎರಡರ ನಡುವೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಇಂದು ಸಂತೆಯ ಕಾಯಿಪಲ್ಲೆಯಲ್ಲಿ ದೂರದ ಊರುಗಳಿಂದ ಬಂದವು, ಶೀತಲಗೃಹದಲ್ಲಿಟ್ಟವು ಹಾಗೂ ಸಂಕರಣ ತಳಿಯವು ಕೂಡಿರುತ್ತವೆ. ಹಳೆಯ ಅಭ್ಯಾಸದಂತೆ ಅವುಗಳ ಬೀಜ ಹಾಕಿದಾಗ ಕೆಲವು ಸಲ ಫಲ ಬಾರದಿರುವುದಕ್ಕೆ ಇದೇ ಕಾರಣವಾಗಿದೆ.

## ಮಣ್ಣು ಮತ್ತು ಹವಾಮಾನ

ನಾಲ್ಕೂ ತಾಲ್ಲೂಕುಗಳು ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಪ್ರದೇಶದಲ್ಲಿವೆ. ಕರ್ನಾಟಕದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಹಾನಗಲ್ ತಾಲ್ಲೂಕು ಗುಡ್ಡಗಾಡು ವಲಯಕ್ಕೂ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಉತ್ತರದ ಸಂಕ್ರಮಣ ವಲಯಕ್ಕೂ ಸೇರಿವೆ. ಪಶ್ಚಿಮದ ಹಾನಗಲ್ಲಿನಿಂದ ಪೂರ್ವದ ಸವಣೂರಿನತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಪಶ್ಚಿಮದಲ್ಲಿ ಕೆಂಪು ಮಣ್ಣು, ಪೂರ್ವದಲ್ಲಿ ಕಪ್ಪು ಎರೆಮಣ್ಣು ಹೆಚ್ಚಾಗಿ ಕಂಡುಬರುತ್ತವೆ.

ಈ ವ್ಯತ್ಯಾಸವು ಕೈತೋಟಕ್ಕೂ ಮುಖ್ಯವಾಗಿದೆ. ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಅದರಲ್ಲಿ ನೆಟ್ಟ ಶುಂಠಿ, ಆಲೂಗಡ್ಡೆ ಮತ್ತು ಬೆಳ್ಳುಳ್ಳಿ ಬೇಗ ಕೊಳೆಯುತ್ತವೆ. ಅಲ್ಲಿ ಗೇಣುದ್ದ ಎತ್ತರಿಸಿದ ಮಡಿ ಅಥವಾ ಮರಳು ಮತ್ತು ತಿಪ್ಪೆಗೊಬ್ಬರ ಬೆರೆಸಿದ ಕುಂಡ ಸೂಕ್ತ. ಕೆಂಪು ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುತ್ತದೆ, ಆದರೆ ಬೇಸಿಗೆಯಲ್ಲಿ ಅದು ಬೇಗ ಒಣಗುವುದರಿಂದ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಬೇಕಾಗುತ್ತದೆ.

## ಮೂಲ ತತ್ತ್ವ

ಸಸ್ಯಗಳು ಎರಡು ಬಗೆಯಲ್ಲಿ ಹೆಚ್ಚುತ್ತವೆ. ಗಡ್ಡೆ, ಎಸಳು, ಕಾಂಡ ಅಥವಾ ಕಂದಿನಿಂದ ಬೆಳೆದ ಗಿಡವು ತಾಯಿಯ ಒಂದು ತುಂಡೇ ಆಗಿರುವುದರಿಂದ ಗುಣದಲ್ಲಿ ತಾಯಿಯನ್ನೇ ಹೋಲುತ್ತದೆ. ಇದನ್ನು ನಿರ್ಲಿಂಗ ಅಥವಾ ಕಾಯಜ ಸಂತಾನೋತ್ಪತ್ತಿ ಎನ್ನುತ್ತಾರೆ. ಬೀಜದಿಂದ ಹುಟ್ಟುವ ಗಿಡವಾದರೋ ಪರಾಗ ಮತ್ತು ಅಂಡಕಗಳ ಕೂಡಿಕೆಯ ಫಲ.

ಬೀಜದ ಬೆಳೆಗಳಲ್ಲಿಯೂ ಎರಡು ಗುಂಪುಗಳಿವೆ. ಹೆಸರು, ಅಲಸಂದಿ, ಮೆಂತ್ಯ ಮತ್ತು ಟೊಮೇಟೊಗಳಲ್ಲಿ ಸಾಮಾನ್ಯವಾಗಿ ಒಂದೇ ಹೂವಿನೊಳಗೆ ಪರಾಗಸ್ಪರ್ಶ ನಡೆಯುತ್ತದೆ. ಕುಂಬಳ, ಸೋರೆ, ಹೀರೆ, ಸೌತೆ ಮತ್ತು ಹಾಗಲಗಳಲ್ಲಿ ಗಂಡು ಹೂವು ಮತ್ತು ಹೆಣ್ಣು ಹೂವು ಬೇರೆಬೇರೆಯಾಗಿದ್ದು, ಜೇನುನೊಣಗಳು ಒಂದು ಬಳ್ಳಿಯ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ. ಮೆಣಸಿನಕಾಯಿ, ಬದನೆ ಮತ್ತು ಬೆಂಡೆ ಇವುಗಳ ನಡುವೆ ಬರುತ್ತವೆ. ಮೊದಲ ಗುಂಪಿನ ನಾಟಿ ತಳಿಗಳ ಬೀಜದಿಂದ ತಾಯಿಯಂಥ ಗಿಡ ದೊರೆಯುವ ಸಂಭವ ಹೆಚ್ಚು. ಎರಡನೆಯ ಗುಂಪಿನಲ್ಲಿ ಪಕ್ಕದ ಹೊಲದ ತಳಿಯ ಬೆರಕೆ ಸಹಜ.

## ಬೆಳೆಗಳು

### ಗಡ್ಡೆ ಮತ್ತು ಕಾಂಡದಿಂದ ಬೆಳೆಯುವವು

- ಶುಂಠಿ: ಸುಕ್ಕಿಲ್ಲದ, ಉಬ್ಬಿದ ಕಣ್ಣುಗಳಿರುವ ಹಸಿಶುಂಠಿಯನ್ನು ಆರಿಸಿ, 1–2 ಕಣ್ಣುಗಳಿರುವ 20–25 ಗ್ರಾಂ ತೂಕದ ತುಂಡುಗಳಾಗಿ ಕತ್ತರಿಸಬೇಕು. ಕತ್ತರಿಸಿದ ಭಾಗ ಒಣಗಿದ ಮೇಲೆ ಏಪ್ರಿಲ್–ಮೇ ತಿಂಗಳಲ್ಲಿ ನೆಟ್ಟರೆ 8–9 ತಿಂಗಳಲ್ಲಿ ಬಲಿಯುತ್ತದೆ.
- ಅರಿಶಿನ: ಒಣ ಅರಿಶಿನ ಕೊಂಬನ್ನು ಬೇಯಿಸಿ ಒಣಗಿಸಿರುವುದರಿಂದ ಅದು ಮೊಳೆಯುವುದಿಲ್ಲ. ಹಸಿ ಅರಿಶಿನದ ಗಡ್ಡೆಯೇ ಬೇಕು.
- ಬೆಳ್ಳುಳ್ಳಿ: ಗಡ್ಡೆಯ ಹೊರಸುತ್ತಿನ ದಪ್ಪ ಎಸಳುಗಳನ್ನು ಸಿಪ್ಪೆ ಸುಲಿಯದೆ, ಮೊನೆ ಮೇಲಾಗಿ ನೆಡಬೇಕು. ಅಕ್ಟೋಬರ್–ನವೆಂಬರ್ ಸೂಕ್ತ ಕಾಲ. ಸುಮಾರು 4 ತಿಂಗಳಲ್ಲಿ ಗಡ್ಡೆ ಬಲಿಯುತ್ತದೆ.
- ಉಳ್ಳಾಗಡ್ಡಿ: ಮೊಳೆತ ಗಡ್ಡೆಯನ್ನು ನೆಟ್ಟರೆ ಹಸಿರು ಎಲೆ ಮತ್ತು ಹೂವಿನ ದಂಟು ಬರುತ್ತವೆ, ಹೊಸ ದೊಡ್ಡ ಗಡ್ಡೆ ಬರುವುದಿಲ್ಲ. ಉಳ್ಳಾಗಡ್ಡಿಯು ಮೊದಲ ಹಂಗಾಮಿನಲ್ಲಿ ಗಡ್ಡೆ ಕಟ್ಟಿ, ಎರಡನೆಯದರಲ್ಲಿ ಬೀಜ ಕಟ್ಟುವ ಸಸ್ಯವಾಗಿದೆ. ಇದರ ಬೀಜಕ್ಕೆ ಸುಮಾರು ಒಂದು ವರ್ಷದ ನಂತರ ಮೊಳೆಯುವ ಶಕ್ತಿ ತೀರ ಕುಗ್ಗುತ್ತದೆ.
- ಆಲೂಗಡ್ಡೆ: ಕಣ್ಣು ಮೊಳೆತ ಗಡ್ಡೆಯನ್ನು ಇಡಿಯಾಗಿ ಅಥವಾ 40–50 ಗ್ರಾಂ ತುಂಡುಗಳಾಗಿ ನೆಡಬಹುದು. ಅಂಗಡಿಯ ಗಡ್ಡೆಯಲ್ಲಿ ಅಂಗಮಾರಿ ಮತ್ತು ನಂಜುರೋಗಗಳು ಅಡಗಿರುವ ಸಂಭವವಿದೆ. ಆದ್ದರಿಂದ ಇದು ಕುಂಡಕ್ಕೆ ಸರಿ, ಹೊಲಕ್ಕೆ ಸರಿಯಲ್ಲ.
- ಗೆಣಸು: ಗಡ್ಡೆಯನ್ನು ಒದ್ದೆ ಮಣ್ಣಿನಲ್ಲಿ ಅರ್ಧ ಹೂತರೆ ಕುಡಿಗಳು ಹೊರಡುತ್ತವೆ. ಗೇಣುದ್ದದ ಕುಡಿಗಳನ್ನು ಕತ್ತರಿಸಿ ಮಳೆಗಾಲದ ಆರಂಭದಲ್ಲಿ ನೆಡಬೇಕು.
- ಪುದೀನ ಮತ್ತು ಬಸಳೆ: ಕಟ್ಟಿನಲ್ಲಿರುವ ಬಲಿತ ಕಡ್ಡಿಗಳ ಕೆಳಗಿನ ಎಲೆಗಳನ್ನು ತೆಗೆದು ನೀರಿನಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಬೇರು ಬಿಡುತ್ತವೆ.
- ಕಬ್ಬು: ಹಬ್ಬಕ್ಕೆ ತಂದ ಕಬ್ಬಿನ ಗಿಣ್ಣಿನಲ್ಲಿ ಕಣ್ಣು ಗಾಯಗೊಂಡಿರದಿದ್ದರೆ ಅದನ್ನು ಅಡ್ಡಲಾಗಿ ಹೂತು ಬೆಳೆಸಬಹುದು.

ಎಲ್ಲ ಹಸಿರು ಭಾಗಗಳೂ ಬೇರು ಬಿಡುವುದಿಲ್ಲ. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಎಲೆಬಳ್ಳಿಯನ್ನು ಗಿಣ್ಣುಗಳಿರುವ ಬಳ್ಳಿಯ ತುಂಡಿನಿಂದ ಹೆಚ್ಚಿಸುತ್ತಾರೆ. ಕಟ್ಟಿನಲ್ಲಿ ಮಾರುವ ಬಿಡಿ ಎಲೆಯಲ್ಲಿ ಚಿಗುರುವ ಕಣ್ಣು ಇರುವುದಿಲ್ಲವಾದ್ದರಿಂದ ಅದರಿಂದ ಬಳ್ಳಿ ಹುಟ್ಟದು. ಕರಿಬೇವಿನ ಎಲೆಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಹಣ್ಣಿನ ಬೀಜದಿಂದ ಅಥವಾ ಬೇರಿನಿಂದ ಏಳುವ ಸಸಿಯಿಂದ ಬೆಳೆಸಬೇಕು.

### ಕಾಳು ಮತ್ತು ಮಸಾಲೆ ಪದಾರ್ಥಗಳು

ಮಡಿಕೆಕಾಳು ಮತ್ತು ಹೆಸರುಕಾಳುಗಳನ್ನು ಮೊಳಕೆ ಬರಿಸಿ ಉಸುಳಿ ಮಾಡುವುದು ಈ ಭಾಗದ ಅಡುಗೆಯಲ್ಲಿ ಸಾಮಾನ್ಯವಾಗಿದೆ. ಹೀಗೆ ಬಟ್ಟೆಯಲ್ಲಿ ಮೊಳೆಯುವ ಕಾಳು ಮಣ್ಣಿನಲ್ಲಿಯೂ ಮೊಳೆಯುತ್ತದೆ. ಹೆಸರು, ಮಡಿಕೆ, ಅಲಸಂದಿ, ಹುರುಳಿ ಮತ್ತು ಅವರೆಗಳು ಹಿತ್ತಲಿಗೆ ಹೊಂದುತ್ತವೆ. ಇವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಮಣ್ಣಿಗೂ ಲಾಭವಿದೆ. ಒಡೆದ ಬೇಳೆಯಲ್ಲಿ ಭ್ರೂಣ ಕಳಚಿರುವುದರಿಂದ ಅದು ಎಂದಿಗೂ ಮೊಳೆಯುವುದಿಲ್ಲ. ಹುರಿದ ಕಾಳಿಗೂ ಇದು ಅನ್ವಯಿಸುತ್ತದೆ.

ಕೊತ್ತಂಬರಿ ಕಾಳು ವಾಸ್ತವವಾಗಿ ಎರಡು ಬೀಜಗಳನ್ನೊಳಗೊಂಡ ಒಂದು ಒಣಹಣ್ಣು. ಅದನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. 8–15 ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮೆಂತ್ಯವು 3–5 ದಿನಗಳಲ್ಲಿ ಮೊಳೆತು, 25–30 ದಿನಗಳಲ್ಲಿ ಸೊಪ್ಪಾಗುತ್ತದೆ. ಹೊಸದಾಗಿ ಬೆಳೆಸುವವರಿಗೆ ಮೆಂತ್ಯವೇ ಅತ್ಯಂತ ಸುಲಭವಾದ ಆರಂಭ. ಸಾಸಿವೆ ಮತ್ತು ಅಜವಾನಗಳನ್ನೂ ಹೀಗೆಯೇ ಬೆಳೆಸಬಹುದು.

ಒಣ ಮೆಣಸಿನಕಾಯಿಯೂ ಈ ಗುಂಪಿಗೆ ಸೇರುತ್ತದೆ. ಕಡುಗೆಂಪು ಬಣ್ಣಕ್ಕೆ ಮತ್ತು ಕಡಿಮೆ ಖಾರಕ್ಕೆ ಹೆಸರಾದ, ಇದೇ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಡಬ್ಬಿ ಮತ್ತು ಕಡ್ಡಿ ಅದರ ಎರಡು ಪ್ರಸಿದ್ಧ ಬಗೆಗಳು. ಬಿಸಿಲಲ್ಲಿ ಒಣಗಿದ ಆ ವರ್ಷದ ಕಾಯಿಯ ಬೀಜ ಮೊಳೆಯುತ್ತದೆ. ಆದರೆ ಅದೇ ಮಾರುಕಟ್ಟೆಯಲ್ಲಿ ಸಂಕರಣ ತಳಿಯ ಕಾಯಿಗಳೂ ಮಾರಾಟವಾಗುತ್ತವೆ. ಹೊಲದಲ್ಲಿ ತಳಿಗಳು ಅಕ್ಕಪಕ್ಕ ಇದ್ದರೆ ಬೆರಕೆಯೂ ಆಗುತ್ತದೆ. ಆದ್ದರಿಂದ ಹತ್ತು ಗಿಡ ಬೆಳೆಸಿ, ತಳಿಯ ಗುಣವಿರುವ ಒಂದೆರಡರಿಂದ ಮಾತ್ರ ಮುಂದಿನ ಬೀಜ ಹಿಡಿಯುವುದು ಸೂಕ್ತ.

### ಕಾಯಿಗಳು

ಕಾಯಿಪಲ್ಲೆಯ ಬೀಜ ಮೊಳೆಯದಿರಲು ಮುಖ್ಯ ಕಾರಣ ಎಳೆತನ. ಬದನೆ, ಬೆಂಡೆ, ಹೀರೆ, ಸೌತೆ ಮತ್ತು ಚವಳಿಗಳನ್ನು ಬೀಜ ಬಲಿಯುವ ಮೊದಲೇ ಕೊಯ್ದು ಮಾರುತ್ತಾರೆ. ಬದನೆ ಹಳದಿಯಾಗುವವರೆಗೆ, ಬೆಂಡೆ ಮತ್ತು ಹೀರೆ ಒಣಗಿ ಗಲಗಲ ಸದ್ದು ಮಾಡುವವರೆಗೆ ಗಿಡದಲ್ಲೇ ಇದ್ದರೆ ಮಾತ್ರ ಬೀಜ ಸಿಗುತ್ತದೆ. ಹಣ್ಣಾದ ಟೊಮೇಟೊ, ಬಲಿತ ಸಿಹಿಗುಂಬಳ, ಹಳದಿಯಾಗಿ ಒಡೆದ ಹಾಗಲ, ಹಣ್ಣು ಮೆಣಸಿನಕಾಯಿ ಇವುಗಳಲ್ಲಿ ಬಲಿತ ಬೀಜ ಇರುತ್ತದೆ.

### ಹಣ್ಣಿನ ಮರಗಳು

ಹಾನಗಲ್ ಭಾಗದಲ್ಲಿ ಬೆಳೆಯುವ ಆಪೂಸು ಮಾವಿನ ಓಟೆಯಲ್ಲಿ ಒಂದೇ ಭ್ರೂಣವಿದ್ದು, ಅದು ಪರಾಗಸ್ಪರ್ಶದಿಂದ ಹುಟ್ಟಿದ್ದಾಗಿದೆ. ಆದ್ದರಿಂದ ಓಟೆಯಿಂದ ಬೆಳೆದ ಮರದ ಹಣ್ಣು ಆಪೂಸಿನಂತಿರುವುದಿಲ್ಲ. ಅಂಥ ಸಸಿಗೆ ಬೇಕಾದ ತಳಿಯ ಕಸಿ ಕಟ್ಟಬೇಕು. ಲಿಂಬೆಯ ಸ್ಥಿತಿ ಬೇರೆ. ಅದರ ಒಂದು ಬೀಜದಲ್ಲಿ ಹಲವು ಭ್ರೂಣಗಳಿದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟುವುದರಿಂದ ಸಸಿಗಳು ಬಹುಮಟ್ಟಿಗೆ ತಾಯಿಯನ್ನು ಹೋಲುತ್ತವೆ. ಲಿಂಬೆಯ ಬೀಜ ಮತ್ತು ಮಾವಿನ ಓಟೆಗಳನ್ನು ಒಣಗಿಸಿಡದೆ ಬೇಗನೆ ನೆಡಬೇಕು.

ಪಪ್ಪಾಯಿಯ ಬೀಜದ ಮೇಲಿನ ಲೋಳೆಪೊರೆಯನ್ನು ಉಜ್ಜಿ ತೆಗೆಯದಿದ್ದರೆ ಮೊಳಕೆ ತಡವಾಗುತ್ತದೆ. ಕೆಲವು ಪಪ್ಪಾಯಿ ತಳಿಗಳಲ್ಲಿ ಗಂಡು ಗಿಡಗಳೂ ಹುಟ್ಟುವುದರಿಂದ ಒಂದು ಗುಣಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಒಂದನ್ನು ಉಳಿಸಿಕೊಳ್ಳುತ್ತಾರೆ. ಬಾಳೆಹಣ್ಣಿನಲ್ಲಿ ಬೀಜವಿಲ್ಲ, ಅದಕ್ಕೆ ಕಂದು ಬೇಕು. ನಾರು ಸುಲಿದ ತೆಂಗಿನಕಾಯಿಯೂ ಸಸಿಗೆ ಒದಗದು. ನಾರು ಸಹಿತ ಬಲಿತ ಕಾಯಿಯೇ ಬೇಕು.

## ಸಂಕರಣ ತಳಿಗಳ ಸಮಸ್ಯೆ

ರಾಣೆಬೆನ್ನೂರು ಮತ್ತು ಸುತ್ತಲಿನ ಪ್ರದೇಶವು ತರಕಾರಿ ಹಾಗೂ ಹತ್ತಿಯ ಸಂಕರಣ ಬೀಜೋತ್ಪಾದನೆಗೆ ಹೆಸರಾಗಿದೆ. ಇಲ್ಲಿ ಕಂಪನಿಗಳೊಂದಿಗಿನ ಒಪ್ಪಂದದ ಮೇಲೆ ಬೀಜ ಬೆಳೆಯುವ ಕುಟುಂಬಗಳು ಹೆಣ್ಣು ಸಾಲಿನ ಗಿಡಗಳ ಮೊಗ್ಗುಗಳಿಂದ ಕೇಸರಗಳನ್ನು ಕೈಯಿಂದ ತೆಗೆದು, ಗಂಡು ಸಾಲಿನ ಪರಾಗವನ್ನು ಮುಟ್ಟಿಸುತ್ತವೆ. ಹೀಗೆ ಎರಡು ಬೇರೆಬೇರೆ ಶುದ್ಧ ತಳಿಗಳ ಕೂಡಿಕೆಯಿಂದ ಹುಟ್ಟಿದ ಮೊದಲ ಪೀಳಿಗೆಯ ಬೀಜವೇ ಸಂಕರಣ ಬೀಜ. ಅದರ ಗಿಡಗಳೆಲ್ಲ ಒಂದೇ ರೀತಿ ಇದ್ದು, ಹೆಚ್ಚು ಇಳುವರಿ ಕೊಡುತ್ತವೆ.

ಸಂತೆಯ ಟೊಮೇಟೊ ಬಹುತೇಕ ಇಂಥ ಗಿಡದ ಹಣ್ಣಾಗಿರುತ್ತದೆ. ಅದರೊಳಗಿನ ಬೀಜ ಎರಡನೆಯ ಪೀಳಿಗೆಗೆ ಸೇರಿದ್ದು. ಮೆಂಡಲನ ನಿಯಮದಂತೆ ಈ ಪೀಳಿಗೆಯಲ್ಲಿ ಗುಣಗಳು ಬೇರ್ಪಡುತ್ತವೆ. ಒಂದೇ ಜೋಡಿ ವಂಶವಾಹಿ ನಿರ್ಧರಿಸುವ ಗುಣವಾದರೆ ನಾಲ್ಕರಲ್ಲಿ ಸರಾಸರಿ ಮೂರು ಗಿಡಗಳಲ್ಲಿ ಪ್ರಬಲ ರೂಪವೂ, ಒಂದರಲ್ಲಿ ದುರ್ಬಲ ರೂಪವೂ ಕಾಣುತ್ತದೆ. ಇಳುವರಿ, ಗಾತ್ರ ಮತ್ತು ರೋಗನಿರೋಧಕತೆಗಳನ್ನು ಅನೇಕ ವಂಶವಾಹಿಗಳು ನಿರ್ಧರಿಸುವುದರಿಂದ ಒಂದು ಗಿಡ ಇನ್ನೊಂದನ್ನು ಹೋಲುವುದಿಲ್ಲ. ಬೀಜ ಮೊಳೆಯುತ್ತದೆ, ಕಾಯಿಯೂ ಬಿಡಬಹುದು. ಆದರೆ ಕೊಂಡ ಹಣ್ಣಿನಂಥದೇ ಬರುತ್ತದೆಂಬ ಭರವಸೆ ಇಲ್ಲ. «ಸಂಕರಣ ಬೀಜ ಮೊಳೆಯುವುದೇ ಇಲ್ಲ» ಎಂಬ ನಂಬಿಕೆ ತಪ್ಪು.

ಅಧಿಕ ಇಳುವರಿಯ ತಳಿಗಳೆಲ್ಲವೂ ಸಂಕರಣಗಳಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಸಂಕರಣ ತಳಿಯಾಗಿದೆ. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಟೊಮೇಟೊ ಮತ್ತು ಅರ್ಕಾ ಅನಾಮಿಕಾ ಬೆಂಡೆಗಳ ಬೀಜವನ್ನು ಮನೆಯಲ್ಲೇ ಹಿಡಿದು ಮತ್ತೆ ಬಿತ್ತಬಹುದು.

## ಬೀಜ ತೆಗೆಯುವ ಮತ್ತು ಪರೀಕ್ಷಿಸುವ ವಿಧಾನ

1. ಟೊಮೇಟೊ ಬೀಜವನ್ನು ಅದರ ಲೋಳೆಯೊಂದಿಗೆ ಸ್ವಲ್ಪ ನೀರಿನಲ್ಲಿ 2–3 ದಿನ ಹುಳಿಯಲು ಬಿಡಬೇಕು. ಮೊಳಕೆಯನ್ನು ತಡೆಯುವ ಲೋಳೆ ಕರಗಿ, ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ತೇಲುವ ಜೊಳ್ಳನ್ನು ಚೆಲ್ಲಬೇಕು.
2. ಕುಂಬಳ, ಹಾಗಲ ಮತ್ತು ಬದನೆಯ ಬೀಜಗಳನ್ನು ಚೆನ್ನಾಗಿ ತೊಳೆದರೆ ಸಾಕು.
3. ತೊಳೆದ ಬೀಜವನ್ನು ನೆರಳಿನಲ್ಲಿ, ತಟ್ಟೆ ಅಥವಾ ಬಟ್ಟೆಯ ಮೇಲೆ ತೆಳುವಾಗಿ ಹರಡಿ ಒಣಗಿಸಬೇಕು.
4. ಪೂರ್ತಿ ಒಣಗಿದ ಬೀಜಕ್ಕೆ ಜರಡಿ ಹಿಡಿದ ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೆಳೆಯ ಹೆಸರು ಮತ್ತು ತಿಂಗಳನ್ನು ಬರೆದಿಡಬೇಕು.
5. ಬಿತ್ತುವ ಮೊದಲು 10 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. 7 ಅಥವಾ ಹೆಚ್ಚು ಮೊಳೆತರೆ ಬೀಜ ಚೆನ್ನಾಗಿದೆ. 4–5 ಮೊಳೆತರೆ ಎರಡುಪಟ್ಟು ಬೀಜ ಹಾಕಬೇಕು. ಅದಕ್ಕೂ ಕಡಿಮೆಯಾದರೆ ಬೇರೆ ಬೀಜ ಹುಡುಕುವುದು ಲೇಸು.

ಉಳ್ಳಾಗಡ್ಡಿ ಮತ್ತು ಆಲೂಗಡ್ಡೆಗಳನ್ನು ಮೊಳೆಯದಂತೆ ವಿಕಿರಣದಿಂದ ಸಂಸ್ಕರಿಸುವುದೂ ಉಂಟು. ಬಹುದಿನ ಇಟ್ಟರೂ ಕಣ್ಣು ಒಡೆಯದ ಗಡ್ಡೆಯನ್ನು ನೆಡುವುದರಲ್ಲಿ ಅರ್ಥವಿಲ್ಲ.

## ಬಿತ್ತನೆಯ ಕಾಲ

- ಏಪ್ರಿಲ್–ಮೇ: ಶುಂಠಿ, ಅರಿಶಿನ; ಮೆಣಸಿನಕಾಯಿ, ಬದನೆ ಮತ್ತು ಟೊಮೇಟೊಗಳ ಸಸಿಮಡಿ.
- ಜೂನ್–ಜುಲೈ (ರೋಹಿಣಿ, ಮೃಗಶಿರ ಮಳೆಗಳ ನಂತರ): ಹೀರೆ, ಸೋರೆ, ಕುಂಬಳ, ಹಾಗಲ, ಬೆಂಡೆ, ಹೆಸರು, ಅಲಸಂದಿ, ಪುಂಡಿಪಲ್ಲೆ, ಗೆಣಸಿನ ಕುಡಿ, ಹಣ್ಣಿನ ಸಸಿಗಳು.
- ಅಕ್ಟೋಬರ್–ನವೆಂಬರ್: ಬೆಳ್ಳುಳ್ಳಿ, ಕೊತ್ತಂಬರಿ, ಮೆಂತ್ಯ, ಸಾಸಿವೆ, ಆಲೂಗಡ್ಡೆ.
- ಜನವರಿ–ಮಾರ್ಚ್: ನೀರಿನ ಸೌಲಭ್ಯವಿದ್ದರೆ ರಾಜಗಿರಿ, ಬಸಳೆ, ಸೌತೆ, ಚವಳಿ.

## ಎಚ್ಚರಿಕೆಗಳು

ಕಹಿ ಸೋರೆಕಾಯಿ. ಸೋರೆ, ಹೀರೆ, ಸೌತೆ ಮತ್ತು ಕುಂಬಳಗಳ ವಂಶದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತುಗಳಿವೆ. ಬಹುಕಾಲದ ಆಯ್ಕೆಯಿಂದ ಅಡುಗೆಯ ತಳಿಗಳಲ್ಲಿ ಇವು ತೀರ ಕಡಿಮೆಯಾಗಿವೆ. ಕಾಡು ಅಥವಾ ಕಹಿ ಬಳ್ಳಿಯ ಪರಾಗದಿಂದ ಕಟ್ಟಿದ ಬೀಜದಲ್ಲಿ, ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಬಳ್ಳಿಗಳಲ್ಲಿ ಅವು ಮತ್ತೆ ಹೆಚ್ಚಬಹುದು. ಕಹಿ ಸೋರೆಕಾಯಿಯ ರಸ ಕುಡಿದು ವಾಂತಿ, ರಕ್ತಭೇದಿ ಮತ್ತು ಸಾವು ಸಂಭವಿಸಿದ ಪ್ರಕರಣಗಳು ಭಾರತದಲ್ಲಿ ವರದಿಯಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನೇಮಿಸಿದ ತಜ್ಞರ ಸಮಿತಿಯು ಈ ಬಗ್ಗೆ ಎಚ್ಚರಿಕೆ ನೀಡಿದೆ. ಅಡುಗೆಗೆ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿ ಎನಿಸಿದರೆ ಉಗುಳಿ ಇಡೀ ಕಾಯಿಯನ್ನು ಎಸೆಯಬೇಕು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಆ ಬಳ್ಳಿಯ ಬೀಜವನ್ನೂ ಇಟ್ಟುಕೊಳ್ಳಬಾರದು.

ಹಸಿರಾದ ಆಲೂಗಡ್ಡೆ. ಬೆಳಕಿಗೆ ಬಿದ್ದು ಹಸಿರಾದ ಗಡ್ಡೆಯಲ್ಲಿ ಮತ್ತು ಅದರ ಮೊಳಕೆಗಳಲ್ಲಿ ಸೊಲನೈನ್ ಎಂಬ ವಿಷವಿರುತ್ತದೆ. ಅದನ್ನು ನೆಡಬಹುದು, ತಿನ್ನಬಾರದು. ಬೆಳೆಯುವಾಗ ಗಡ್ಡೆಗಳು ಹೊರಗೆ ಕಾಣದಂತೆ ಮಣ್ಣು ಏರಿಸಬೇಕು.

ಬಣ್ಣ ಹಚ್ಚಿದ ಬೀಜ. ಬಿತ್ತನೆ ಬೀಜದ ಪೊಟ್ಟಣಗಳಲ್ಲಿರುವ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಬೀಜಗಳಿಗೆ ಕೀಟನಾಶಕ ಅಥವಾ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಬಿತ್ತಿ ಉಳಿದ ಬೀಜವನ್ನು ಮೊಳಕೆ ಕಟ್ಟುವುದಕ್ಕಾಗಲಿ, ಕೋಳಿಗೆ ಹಾಕುವುದಕ್ಕಾಗಲಿ ಬಳಸಬಾರದು.

ರೋಗ ಹರಡುವಿಕೆ. ಶುಂಠಿ ಬೆಳೆಯುವ ಊರುಗಳಲ್ಲಿ ಗಡ್ಡೆಕೊಳೆ ರೋಗವು ರೋಗಗ್ರಸ್ತ ಗಡ್ಡೆ ಮತ್ತು ಮಣ್ಣಿನ ಮೂಲಕ ಹರಡುತ್ತದೆ. ಮೂಲ ತಿಳಿಯದ ಸಂತೆಯ ಶುಂಠಿಯನ್ನು ಕುಂಡದಲ್ಲಿ ಮಾತ್ರ ನೆಡಬೇಕು. ಕೊಳೆತದ್ದನ್ನು ಹೊಲಕ್ಕೆ ಅಥವಾ ತಿಪ್ಪೆಗೆ ಹಾಕಬಾರದು.

ಬಚ್ಚಲಿನ ನೀರು. ಸಾಬೂನು ಮಿಶ್ರಿತ ನೀರನ್ನು ಬಾಳೆ ಮತ್ತು ತೆಂಗಿಗೆ ಬಿಡಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯ ಮತ್ತು ಪುದೀನಗಳಿಗೆ ಶುದ್ಧ ನೀರೇ ಬೇಕು.

## ಬೀಜ ಉಳಿಸುವಿಕೆ

ಸಂತೆಯಿಂದ ತಂದ ಪದಾರ್ಥ ಮೊದಲ ವರ್ಷಕ್ಕೆ ಮಾತ್ರ ಬೀಜ. ಅದರಿಂದ ಬೆಳೆದ ಉತ್ತಮ ಗಿಡವನ್ನು ಗುರುತಿಸಿ, ಅದರ ಕಾಯನ್ನು ಅಡುಗೆಗೆ ಕೊಯ್ಯದೆ ಬೀಜಕ್ಕೆ ಬಿಟ್ಟರೆ ಎರಡನೆಯ ವರ್ಷದಿಂದ ಮನೆಯ ಬೀಜವಾಗುತ್ತದೆ. ಪ್ರತಿ ವರ್ಷ ಹೀಗೆ ಆಯ್ದ ಬೀಜವು ಆ ಹಿತ್ತಲಿನ ಮಣ್ಣು ಮತ್ತು ಮಳೆಗೆ ಕ್ರಮೇಣ ಒಗ್ಗುತ್ತದೆ.

ನೆರೆಯ ತಾಲ್ಲೂಕುಗಳಲ್ಲಿ ಈ ಕೆಲಸ ಸಾಮೂಹಿಕವಾಗಿಯೂ ನಡೆದಿದೆ. ಹಾನಗಲ್ಲಿಗೆ ಹೊಂದಿದ ಶಿರಸಿಯಲ್ಲಿ ವನಸ್ತ್ರೀ ಎಂಬ ಮಹಿಳಾ ಸಂಘಟನೆಯು ಮಲೆನಾಡಿನ ಹಿತ್ತಲ ತೋಟಗಳ ನಾಟಿ ಬೀಜಗಳನ್ನು ಸಂಗ್ರಹಿಸಿ ಹಂಚುತ್ತಿದೆ. ಶಿಗ್ಗಾಂವಿಗೆ ಹೊಂದಿದ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವು ಸಿರಿಧಾನ್ಯಗಳ ಸಮುದಾಯ ಬೀಜ ಬ್ಯಾಂಕನ್ನು ನಡೆಸುತ್ತಿದ್ದು, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಗೆ ಪಾತ್ರವಾಯಿತು.

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಪ್ರಕಾರ ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು ಹಾಗೂ ಮಾರಬಹುದು. ಸಂರಕ್ಷಿತ ತಳಿಗಳ ಬೀಜಕ್ಕೂ ಈ ಹಕ್ಕು ಅನ್ವಯಿಸುತ್ತದೆ. ಆದರೆ ಅಂಥ ಬೀಜವನ್ನು ಬ್ರ್ಯಾಂಡ್ ಹೆಸರಿನ ಪೊಟ್ಟಣ ಮಾಡಿ ಮಾರುವಂತಿಲ್ಲ.

## ಇತಿಮಿತಿಗಳು

ಈ ಪದ್ಧತಿಯು ಮನೆಯ ಸೊಪ್ಪು, ಮಸಾಲೆ ಮತ್ತು ಕೆಲವು ಕಾಯಿಗಳ ಅಗತ್ಯವನ್ನು ಭಾಗಶಃ ಪೂರೈಸಬಲ್ಲದು. ಮಾರಾಟಕ್ಕಾಗಿ ಬೆಳೆಯುವ ಹೊಲಕ್ಕೆ ಇದು ಸೂಕ್ತವಲ್ಲ. ಅಲ್ಲಿ ತಳಿಯ ಶುದ್ಧತೆ ಮತ್ತು ರೋಗಮುಕ್ತತೆ ಖಚಿತವಾಗಿರುವ ಬಿತ್ತನೆ ಬೀಜವೇ ಬೇಕು. ತಳಿ ಮತ್ತು ರೋಗಗಳ ಕುರಿತ ಸಲಹೆಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹಾವೇರಿ ಸಮೀಪದ ದೇವಿಹೊಸೂರಿನ ತೋಟಗಾರಿಕಾ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.

## ಇವನ್ನೂ ನೋಡಿ

- ಕೈತೋಟ
- ಬ್ಯಾಡಗಿ ಮೆಣಸಿನಕಾಯಿ
- ಪರಾಗಸ್ಪರ್ಶ
- ಕಸಿ ಕಟ್ಟುವಿಕೆ
- ಹಾವೇರಿ ಜಿಲ್ಲೆ